ಉಪಾಧ್ಯಾಯಿನಿಗೊಂದು ಓಲೆ

1967ನೆಯ ಇಸವಿ ಮೇ ತಿಂಗಳಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಒಂದು ಸಣ್ಣ ಗ್ರಂಥವು ಪ್ರಕಟವಾಯಿತು. ಅದರ ಹೆಸರನ್ನು ಕನ್ನಡದಲ್ಲಿ 'ಉಪಾಧ್ಯಾಯಿನಿಗೊಂದು ಓಲೆ' ಎಂದು ಹೇಳಬಹುದು. ಕರ್ತೃವಿನ ಹೆಸರು ಇರಬೇಕಾದ ಸ್ಥಳದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ. 'ಬಾರ್ಬಿಯಾನದ ಶಾಲೆ' ಎಂದಷ್ಟೇ ಇದೆ. ಗುಡ್ಡಗಾಡಿನ ಎಂಟು ಮಂದಿ ಹುಡುಗರು ಕೂಡಿ, ತಮ್ಮಂಥವರನ್ನು ಪರೀಕ್ಷೆಯಲ್ಲಿ ನಪಾಸು ಮಾಡಿ ಹೊರಕ್ಕೆ ಕಳುಹಿಸಿದ ಸರಕಾರಿ ಶಾಲೆಯ ಉಪಾಧ್ಯಾಯಿನಿಯನ್ನು ಸಂಬೋಧಿಸಿ ಬರೆದ ದೀರ್ಘಪತ್ರವಿದು. 1970ರಲ್ಲಿ ನೋರಾ ರಾಸ್ಸಿ, ಟಾಮ್ ಕೋಲ್ ಎಂಬಿಬ್ಬರು ಇದನ್ನು ಇಂಗ್ಲಿಷಿಗೆ ತಂದರು. ಶಿಕ್ಷಣಶಾಸ್ತ್ರವನ್ನು ವ್ಯಾಸಂಗಮಾಡತಕ್ಕವರು ಇದನ್ನು ಬಲ್ಲರು. ಆದರೆ ಇದು ಒಂದು ಗದ್ಯಕೃತಿ. ಅದಕ್ಕಿಂತ ಹೆಚ್ಚಾಗಿ, ಕಥೋಲಿಕ ಗುರುವೊಬ್ಬನ ಮನೆಯಲ್ಲಿ ನಡೆದ ಪುಟ್ಟ ಶಾಲೆಯೊಂದರಿಂದ ಹೊರಟ ಕೃತಿ. ಹೀಗಿದ್ದೂ ಇದರಲ್ಲಿ ದೇವರ ಮಾತು ಬಲು ವಿರಳ. ಈ ಮೌನಕ್ಕೆ ಅರ್ಥವೇನೆಂಬ ಪ್ರಶ್ನೆಯನ್ನು ಹಿಡಿದು ಗ್ರಂಥವನ್ನು ಓದಿದಲ್ಲಿ ಅದರ ಗುಣವೂ ದೋಷವೂ ಒಟ್ಟಿಗೆ ಕಾಣುತ್ತವೆ.

ಬಾರ್ಬಿಯಾನವೆಂಬುದು ಊರೆಂದು ಹೇಳುವಂಥ ಊರಲ್ಲ. ಫ್ಲಾರೆನ್ಸಿನ ಉತ್ತರಕ್ಕೆ ಮುಜೆಲ್ಲೊ ಎಂಬ ಸೀಮೆ. ಅಲ್ಲಿ ವಿಕ್ಕಿಯೊ ಎಂಬ ಪೇಟೆ. ಅದರ ಮೇಲಿನ ಬೆಟ್ಟದಲ್ಲಿ ಒಂದು ಇಗರ್ಜಿ, ಗುರುವಿನ ಮನೆ, ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಎಂಬಂತೆ ಚೆದರಿದ ರೈತರ ಮನೆಗಳು. 1954ನೆಯ ಡಿಸೆಂಬರಿನಲ್ಲಿ ದೊನ್ ಲೊರೆಂಜೊ ಮಿಲಾನಿಯವರು ಈ ಇಗರ್ಜಿಗೆ ನೇಮಕವಾಗಿ ಬಂದಾಗ ಅಲ್ಲಿಗೆ ಬಂಡಿಯ ರಸ್ತೆ ಇರಲಿಲ್ಲ, ವಿದ್ಯುದ್ದೀಪವಿರಲಿಲ್ಲ, ನಲ್ಲಿಯ ನೀರಿರಲಿಲ್ಲ. ಬಂದ ಗುರುವಾದರೋ 1923ರಲ್ಲಿ ಫ್ಲಾರೆನ್ಸಿನ ಅನುಕೂಲಸ್ಥರಾದ ವಿದ್ವಾಂಸರ ಮನೆತನದಲ್ಲಿ ಹುಟ್ಟಿದವರು. ಮಧ್ಯಯುಗದಲ್ಲಿ ವರ್ಜಿಲ್ ಕವಿಯ ಕೀರ್ತಿ ಹೇಗೆ ಹಬ್ಬಿತೆಂಬುದನ್ನು ಕುರಿತು ಪ್ರಸಿದ್ಧವಾದ ಗ್ರಂಥವನ್ನು ಬರೆದ ದೊಮೆನಿಕೊ ಕೊಂಪರೆತ್ತಿ ಎಂಬ ಭಾಷಾಪಂಡಿತರು ಅವರ ಮುತ್ತಜ್ಜ. ಮಿಲಾನಿಯವರು ತಾರುಣ್ಯದಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿ, 1943ರಲ್ಲಿ ಮನಸ್ಸು ತಿರುಗಿ ಗುರುಮಠವನ್ನು ಸೇರಿ, 1947ರಲ್ಲಿ ದೀಕ್ಷೆಯನ್ನು ಪಡೆದರು. ಮೇಲಿನವರಿಗೆ ಹಿಡಿಸದ ಮಾತುಗಳನ್ನು ಆಡಿದ ತರುಣ ಗುರುವನ್ನು ಬೆಟ್ಟಕ್ಕೆ ಸಾಗಹಾಕಿದರೆಂಬುದೇ ಎಲ್ಲರ ಅಭಿಪ್ರಾಯ. ಮಿಲಾನಿಯವರು ಬಂದ ಹೊಸತರಲ್ಲಿಯೇ ಅಲ್ಲಿಯ ಶ್ಮಶಾನದಲ್ಲಿ ತಮ್ಮ ಸಮಾಧಿಗೆ ಸ್ಥಳವನ್ನು ಕೊಂಡುಕೊಂಡರು. ಕಳುಹಿಸಿದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ಬೆಟ್ಟಕ್ಕೆ ಬರುವುದಕ್ಕೆ ಮುಂಚೆ ಏಳು ವರ್ಷ ಅವರು ಸಾನ್ ದೊನಾತೊ ದಿ ಕಲೆಂಜಾನೊ ಎಂಬಲ್ಲಿ ಸಹಾಯಕಗುರುವಾಗಿದ್ದರು. ಅದು ನೆಯ್ಗೆಯ ಗಿರಣಿಗಳಿಗೆ ಹತ್ತಿರವಾದ ಸ್ಥಳ. ಅಲ್ಲಿ ಅವರಿಗೆ ತೋರಿದ ಸಂಗತಿಯೊಂದೇ ಮುಂದಿನ ಯಾವತ್ತೂ ಕಾರ್ಯಕ್ಕೆ ಬೀಜವಾಯಿತು. ಜನ ಪೂಜೆಗೆ ಬರುತ್ತಿದ್ದರು, ಮೆರವಣಿಗೆಗೆ ಬರುತ್ತಿದ್ದರು, ಮಕ್ಕಳು ಧರ್ಮೋಪದೇಶದ ಪ್ರಶ್ನೋತ್ತರಗಳನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದರು. ಪೀಠದ ಮೇಲಿಂದ ಗುರು ಆಡಿದ ಮಾತು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯದಿದ್ದುದು ದೇವರ ವಿಷಯವಲ್ಲ, ಭಾಷೆ. ಕಲಿತವನ ಇಟಾಲಿಯನ್ ಬೇರೆ, ರೈತನ ಇಟಾಲಿಯನ್ ಬೇರೆ. ನಾಲ್ಕು ಪದ ಬಲ್ಲವನಿಗೆ ಶುಭಸಂದೇಶವನ್ನು ಬೋಧಿಸಹೋಗುವುದು ಗೋಡೆಗೆ ಹೇಳಿದಂತೆ. ಮೊದಲು ಪದಗಳನ್ನು ಕೊಡಬೇಕು. ಅನಂತರ ಅವನು ಆಲಿಸುತ್ತಾನೋ ಇಲ್ಲವೋ ಅದು ಅವನಿಗೂ ದೇವರಿಗೂ ಬಿಟ್ಟದ್ದು. ಇದು 1958ರಲ್ಲಿ ಹೊರಬಂದ ಅವರ 'ಪಾಲನೆಯ ಅನುಭವಗಳು' ಎಂಬ ಗ್ರಂಥದ ತಾತ್ಪರ್ಯ. ಅದೇ ವರ್ಷದ ಕೊನೆಯಲ್ಲಿ ರೋಮಿನ ಧರ್ಮಾಧಿಕಾರಿಗಳು ಅದನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಸಿದರು. ಸಿದ್ಧಾಂತದಲ್ಲಿ ತಪ್ಪಿದೆಯೆಂದಲ್ಲ, ಸಮಯೋಚಿತವಲ್ಲವೆಂದು. ಗ್ರಂಥಗಳಿಗೆ ಬರತಕ್ಕ ಶಿಕ್ಷೆಗಳಲ್ಲಿ ಇದು ವಿಚಿತ್ರವಾದುದು.

ಆ ಸಂಜೆಯ ಶಾಲೆಯಲ್ಲಿ ಮಿಲಾನಿಯವರು ಒಂದು ಕೆಲಸ ಮಾಡಿದರು: ಗೋಡೆಯ ಮೇಲಿದ್ದ ಶಿಲುಬೆಯನ್ನು ಇಳಿಸಿದರು. ಗುರುವಿನ ಶಾಲೆಯೆಂದರೆ ಗುರುವಿನ ಬಲೆಯೆಂದು ಸಂಶಯಪಡತಕ್ಕ ಒಬ್ಬ ಕೂಲಿಕಾರನಿದ್ದರೂ ಅವನು ಆ ಸಂಶಯದಿಂದ ಹೊರಗುಳಿಯಬಾರದೆಂಬುದು ಅವರು ಕೊಟ್ಟ ಕಾರಣ. ಶಿಲುಬೆಯನ್ನು ಇಳಿಸಿದವರು ನಾಸ್ತಿಕರಾಗಿರಲಿಲ್ಲ. ಶಾಲೆಯನ್ನು ಏಳು ಸಂಸ್ಕಾರಗಳ ಪಕ್ಕದಲ್ಲಿ ಎಂಟನೆಯದೆಂಬಷ್ಟು ಪವಿತ್ರವಾಗಿ ಭಾವಿಸಿದ್ದವರು. ಬಾರ್ಬಿಯಾನದ ಮಕ್ಕಳಿಗೆ ಯೇಸುವಿನ ಜೀವನವನ್ನು ಪ್ರಶ್ನೋತ್ತರವಾಗಿ ಅಲ್ಲದೆ ಚರಿತ್ರೆಯಾಗಿ, ಪ್ಯಾಲೆಸ್ತೀನದ ನಕ್ಷೆಯನ್ನು ಮುಂದಿಟ್ಟುಕೊಂಡು ಹೇಳಿದವರೂ ಅವರೇ. ಇಗರ್ಜಿಯಲ್ಲಿ ಗುರುಶಿಷ್ಯರು ಕೂಡಿ ಬಣ್ಣದ ಗಾಜಿನ ಚೂರುಗಳಿಂದ ಒಂದು ಚಿತ್ರವನ್ನು ಮಾಡಿದ್ದಾರೆ. ಅದು ಯಾವ ಪ್ರಸಿದ್ಧ ಸಂತನದೂ ಅಲ್ಲ, ಓದುತ್ತಿರುವ ಒಬ್ಬ ಹುಡುಗನದು. ತಲೆಯ ಸುತ್ತ ಪ್ರಭಾಮಂಡಲ, ಕೈಯಲ್ಲಿ ಪುಸ್ತಕ. ಓಲೆಯನ್ನು ಓದುವಾಗ ಇಳಿಸಿದ ಆ ಶಿಲುಬೆಯನ್ನೂ ಏರಿಸಿದ ಈ ಚಿತ್ರವನ್ನೂ ಒಟ್ಟಿಗೆ ನೆನೆಯಬೇಕು.

ಇನ್ನು ಶಾಲೆಯ ವಿಷಯ. ಆ ಬೆಟ್ಟದ ಮಕ್ಕಳಿಗೆ ಸರಕಾರದ ಪ್ರಾಥಮಿಕ ಶಾಲೆಯೊಂದಿತ್ತು: ಒಂದೇ ಕೊಠಡಿ, ಒಬ್ಬರೇ ಉಪಾಧ್ಯಾಯರು, ಐದು ತರಗತಿಗಳು. ಅದು ಮುಗಿಯಿತೆಂದರೆ ವಿದ್ಯೆ ಮುಗಿಯಿತು. ಕುರಿಯ ಹಿಂದೆ ಕಾಡಿಗೆ. ಮಿಲಾನಿಯವರು ತಮ್ಮ ಮನೆಯಲ್ಲಿ ಆರಂಭಿಸಿದ್ದು ಅಲ್ಲಿಂದ ಮುಂದಕ್ಕೆ. ಓಲೆಯ ಮೊದಲ ಪುಟಗಳಲ್ಲಿ ಹುಡುಗನೊಬ್ಬನು ತಾನು ಆ ಶಾಲೆಗೆ ಬಂದ ದಿನವನ್ನು ವರ್ಣಿಸುತ್ತಾನೆ. ಅಲ್ಲಿ ಉಪಾಧ್ಯಾಯರ ಮೇಜಿಲ್ಲ, ಕರಿಹಲಗೆಯಿಲ್ಲ, ಸಾಲು ಬೆಂಚುಗಳಿಲ್ಲ. ಇರುವುದು ದೊಡ್ಡ ಮೇಜುಗಳು. ಓದುವುದೂ ಅಲ್ಲಿಯೇ, ಉಣ್ಣುವುದೂ ಅಲ್ಲಿಯೇ. ಪುಸ್ತಕವು ಪ್ರತಿಯೊಂದರದೂ ಒಂದೊಂದೇ ಪ್ರತಿ. ಎಲ್ಲರೂ ಅದರ ಸುತ್ತ ಮುತ್ತಿಕೊಂಡು ಓದಬೇಕು. ಓದಿಸುತ್ತಿದ್ದವನೂ ತನಗಿಂತ ಸ್ವಲ್ಪ ದೊಡ್ಡವನಾದ ಹುಡುಗನೇ ಎಂಬುದು ಬಂದವನಿಗೆ ಒಡನೆ ತಿಳಿಯಲಿಲ್ಲ. ಹಿಂದುಳಿದವನಿಗಾಗಿ ಎಲ್ಲರೂ ನಿಲ್ಲುತ್ತಿದ್ದರು. ಅವನಿಗೆ ತಿಳಿಯುವ ತನಕ ಪಾಠ ಮುಂದೆ ಸಾಗುತ್ತಿರಲಿಲ್ಲ. ಬೆಳಗ್ಗೆಯಿಂದ ಸಂಜೆಯ ತನಕ, ಭಾನುವಾರವೂ ಸೇರಿ, ವರ್ಷದ 365 ದಿನವೂ ಶಾಲೆ. ಆಟವಿಲ್ಲ, ರಜೆಯಿಲ್ಲ. ಇದನ್ನು ಕೇಳಿ ಮರುಗುವ ಪಟ್ಟಣದವರಿಗೆ, ಮೂವತ್ತಾರು ಹಸುಗಳ ಕೊಟ್ಟಿಗೆಯುಳ್ಳ ಹುಡುಗನೊಬ್ಬನು ಸಗಣಿ ಬಾಚುವುದಕ್ಕಿಂತ ಶಾಲೆಯೇ ಮೇಲಲ್ಲವೆ ಎಂಬರ್ಥದ ಮಾತನ್ನು ಆಡುತ್ತಾನೆ. ಗ್ರಂಥದಲ್ಲಿ ಈ ಮಾತು ಇದಕ್ಕಿಂತ ಒರಟಾಗಿದೆ.

ದಿನವೂ ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಅದರಲ್ಲಿ ಬಂದ ಹೊಸಪದವನ್ನು ಬೇರು ಸಹಿತ ಕಿತ್ತು ನೋಡುವುದೇ ಅಲ್ಲಿಯ ಮುಖ್ಯ ಪಾಠ. ಬೆಟ್ಟದ ಮಕ್ಕಳಿಗೆ ನೀರಿನ ಭಯ ಹೋಗಲೆಂದು ಎಲ್ಲರೂ ಕೂಡಿ ಒಂದು ಸಣ್ಣ ಈಜುಗೊಳವನ್ನು ತೋಡಿಕೊಂಡರು. ದೊಡ್ಡ ಹುಡುಗರನ್ನು ಬೇಸಗೆಯಲ್ಲಿ ಒಬ್ಬೊಬ್ಬರಾಗಿ ಪರದೇಶಗಳಿಗೆ ಕೆಲಸಕ್ಕೆ ಕಳುಹಿಸಿ ಭಾಷೆ ಕಲಿಸಿದರು. ಗೋಡೆಯ ಮೇಲೆ ಇಂಗ್ಲಿಷಿನ ಎರಡು ಪದಗಳಿದ್ದುವು: ಐ ಕೇರ್. 'ನನಗೆ ಇದರ ಚಿಂತೆಯಿದೆ' ಎಂದು ಅರ್ಥ. ಫಾಸಿಸ್ಟರು ತಮ್ಮ ಘೋಷವಾಗಿ ಮೆರೆಸಿದ 'ನನಗೇನು' ಎಂಬ ಉದ್ಧಟವಾಕ್ಯಕ್ಕೆ ಇದು ಪ್ರತ್ಯುತ್ತರವೆಂದು ಮಿಲಾನಿಯವರೇ ವಿವರಿಸಿದ್ದಾರೆ.

ಇಂಥ ಶಾಲೆಯು ಗ್ರಂಥವನ್ನು ಬರೆದ ಬಗೆಯೂ ಇಂಥದೇ. 1963ರಲ್ಲಿ ಮಾರಿಯೊ ಲೋಡಿ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಬಾರ್ಬಿಯಾನಕ್ಕೆ ಬಂದುಹೋದರು. ಅವರ ಮಕ್ಕಳಿಗೂ ಇಲ್ಲಿಯ ಮಕ್ಕಳಿಗೂ ಪತ್ರವ್ಯವಹಾರ ಬೆಳೆಯಿತು. ಎಲ್ಲರೂ ಕೂಡಿ ಒಂದು ಪತ್ರವನ್ನು ಬರೆಯುವ ಪದ್ಧತಿ ಅಲ್ಲಿಂದ ನೆಲೆಗೊಂಡಿತು. ಪ್ರತಿಯೊಬ್ಬನ ಜೇಬಿನಲ್ಲಿಯೂ ಒಂದು ಟಿಪ್ಪಣಿಯ ಪುಸ್ತಕ. ಹೊಳೆದ ವಿಚಾರವನ್ನು ಹೊಳೆದಾಗಲೇ ಗುರುತುಹಾಕುವುದು. ಒಂದು ದಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಹೇಳಿದ್ದನ್ನೇ ಹೇಳಿದುವನ್ನು ತೆಗೆದು, ಉಳಿದುವನ್ನು ರಾಶಿಮಾಡಿ, ರಾಶಿಗಳನ್ನು ಅಧ್ಯಾಯಗಳಾಗಿ ವಿಂಗಡಿಸುವುದು. ಅನಂತರ ಪದಗಳನ್ನು ಕಡಿಯುವ ಕೆಲಸ. ಅನಾವಶ್ಯಕವಾದ ಪದ ಹೋಗಬೇಕು. ಬಾಯಿಮಾತಿನಲ್ಲಿ ಬಾರದ ಪದ ಹೋಗಬೇಕು. ಒಂದು ವಾಕ್ಯದಲ್ಲಿ ಎರಡು ವಿಚಾರ ಕೂಡದು. ಕೊನೆಗೆ ಶಾಲೆಯಲ್ಲಿ ಕಡಮೆ ತಿಳಿದವನಿಗೂ ತಿಳಿಯುವಂತಾದರೆ ಬರವಣಿಗೆ ಮುಗಿಯಿತು. ಕಾಲದ ಮಿತಿಯಿಲ್ಲ. ಈ ಗ್ರಂಥಕ್ಕೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಈ ನಿಯಮಗಳನ್ನು ಅನ್ವಯಿಸಿದರೆ ಪ್ರಕೃತ ಲೇಖನದ ಅರ್ಧಭಾಗವನ್ನು ಆ ಹುಡುಗರು ಹೊಡೆದುಹಾಕುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಫಲವಾಗಿ ಬಂದ ಗದ್ಯವು ಚಿಕ್ಕ ಚಿಕ್ಕ ವಾಕ್ಯಗಳ ಗದ್ಯ. ಗಟ್ಟಿ, ಒಣಗಿದ್ದು, ಕೆಲವೆಡೆ ಚುಚ್ಚುವಂಥದು. ಆದರೆ ಬಡತನದ ಗದ್ಯವಲ್ಲ. ಆರಂಭದಲ್ಲಿ ಗುಡ್ಡಗಾಡಿನವರ ಸಂಕೋಚವನ್ನು ಕುರಿತ ಭಾಗವನ್ನು ನೋಡಬಹುದು. ತಾಯಿಗೆ ತಂತಿ ಕಳುಹಿಸುವ ಕಾಗದವನ್ನು ಕಂಡರೇ ಅಳುಕು. ತಂದೆ ನೋಡುತ್ತಾನೆ, ಕೇಳುತ್ತಾನೆ, ಮಾತನಾಡುವುದಿಲ್ಲ. ಇಷ್ಟೇ. ಇದನ್ನು ಬೇರೊಬ್ಬ ಕಾದಂಬರಿಕಾರನು ಒಂದು ಅಧ್ಯಾಯಕ್ಕೆ ಎಳೆದಾನು. ಹುಡುಗರು ಎರಡು ವಾಕ್ಯಗಳಲ್ಲಿ ಮುಗಿಸಿ, ಒಡನೆಯೇ ಈ ಸಂಕೋಚವು ವಿನಯವೋ ಹೇಡಿತನವೋ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ.

ಗ್ರಂಥದ ಇಬ್ಬರು ಮುಖ್ಯಪಾತ್ರಗಳೆಂದರೆ ಜಾನ್ನಿ ಮತ್ತು ಪಿಯೆರಿನೊ. ಪಿಯೆರಿನೊ ವೈದ್ಯರ ಮಗ. ಶಾಲೆಗೆ ಬರುವ ಮುನ್ನವೇ ಮನೆಯಲ್ಲಿ ಓದು ಬಂದಿದೆ. ವಯಸ್ಸಿಗಿಂತ ಮುಂದಿನ ತರಗತಿಯಲ್ಲಿದ್ದಾನೆ. ಜಾನ್ನಿಗೆ ಊರಿನ ಸಮಾಚಾರ ಗೊತ್ತು, ಕೆಲಸದ ವಿಷಯ ಗೊತ್ತು, ಸಂಸಾರಗಳ ಕಷ್ಟ ಗೊತ್ತು. ಕೆಲವು ಸಂಜೆ ತಂದೆಯ ಸಂಗಡ ಕಮ್ಯೂನಿಸ್ಟರ ಸಭೆಗೂ ಪುರಸಭೆಗೂ ಹೋಗಿ ಕುಳಿತು ಕೇಳುತ್ತಾನೆ. ಆದರೆ 'ಇರು, ಉಂಟು' ಎಂಬರ್ಥದ ಕ್ರಿಯಾಪದದ ಮುಂದೆ ಬರೆಯಬೇಕಾದ ಹಕಾರವನ್ನು ಬರೆಯಲಾರ. ಇಟಾಲಿಯನ್ನಿನಲ್ಲಿ ಆ ಅಕ್ಷರಕ್ಕೆ ಉಚ್ಚಾರವೇ ಇಲ್ಲ. ಅದು ಕಣ್ಣಿಗೆ ಮಾತ್ರ ಕಾಣುವ ಅಕ್ಷರ, ಕಲಿತವನ ಹಣೆಯ ಮೇಲಿನ ನಾಮದಂತೆ. ಕನ್ನಡಿಗರಿಗೆ ಈ ಸಂದರ್ಭವು ಬೇಗನೆ ಮನಸ್ಸಿಗೆ ನಾಟೀತು. 'ಹಾಲು' ಎಂಬುದನ್ನು 'ಆಲು' ಎಂದವನನ್ನೂ, 'ಅಕ್ಕಿ'ಗೆ 'ಹಕ್ಕಿ' ಎಂದವನನ್ನೂ ನೋಡಿ ತರಗತಿಯಲ್ಲಿ ನಗುವುದು ಇಲ್ಲಿಯೂ ಹೊಸತೇನಲ್ಲ. ಒಂದು ಅಕ್ಷರದ ಗಾಳಿಯಲ್ಲಿ ಒಂದು ಮಗುವಿನ ಮನೆತನವೆಲ್ಲ ಬಯಲಾಗುತ್ತದೆ. ಜಾನ್ನಿ ನಪಾಸಾದನು. ಗುಣಾಕಾರ ಬಾರದೆಂದಲ್ಲ, ಲೋಕಜ್ಞಾನವಿಲ್ಲವೆಂದಲ್ಲ, ಆ ಹಕಾರದಂಥವುಗಳಿಂದ. ಈ ಚಿತ್ರವೇ ಗ್ರಂಥದ ಹೃದಯಭಾಗ. ಇಬ್ಬರ ನಡುವಣ ಅಂತರವನ್ನು ಉಪಾಧ್ಯಾಯಿನಿ ಬುದ್ಧಿಯ ಅಂತರವೆಂದು ಓದಿದಳು. ಅದು ಮನೆಯಲ್ಲಿ ಕೇಳಿದ ಪದಗಳ ಅಂತರವಾಗಿತ್ತು.

ಉತ್ತರಭಾಗದಲ್ಲಿ ಅಂಕಿಗಳು ಬರುತ್ತವೆ. 1962ರ ಡಿಸೆಂಬರಿನ ಶಾಸನವು ಇಟಲಿಯ ಎಲ್ಲ ಮಕ್ಕಳಿಗೂ ಹದಿನಾಲ್ಕು ವಯಸ್ಸಿನ ತನಕ ಏಕರೀತಿಯ ಕಡ್ಡಾಯ ಶಾಲೆಯನ್ನು ವಿಧಿಸಿತ್ತು. ಶಾಸನದಲ್ಲಿ ಬಾಗಿಲು ತೆರೆಯಿತು, ಪರೀಕ್ಷೆಯಲ್ಲಿ ಮುಚ್ಚಿತು. ಸರಕಾರದ ಲೆಕ್ಕಗಳನ್ನೇ ತರಿಸಿ, ವರ್ಷವರ್ಷವೂ ತರಗತಿಯಿಂದ ಉದುರಿದ ಮಕ್ಕಳನ್ನೆಣಿಸಿ, ಅವರ ತಂದೆಯರ ಕಸುಬುಗಳನ್ನು ಪಟ್ಟಿಮಾಡಿ, ಅಗಲವಾದ ಬುಡದಿಂದ ಸಣ್ಣಗಾಗುತ್ತ ಏರುವ ಗೋಪುರವನ್ನು ಹುಡುಗರು ಬರೆದು ತೋರಿಸುತ್ತಾರೆ. ಉದುರಿದವರು ಹೆಚ್ಚಾಗಿ ರೈತರ, ಕೂಲಿಕಾರರ ಮಕ್ಕಳು. ಸಾಹಿತ್ಯಕೃತಿಯಲ್ಲಿ ಕೋಷ್ಟಕಗಳೇಕೆಂದು ಆಕ್ಷೇಪಿಸುವುದು ಸುಲಭ. ಆದರೆ ಜಾನ್ನಿಯನ್ನು ಕಂಡಮೇಲೆ ಬಂದ ಅಂಕಿಗಳಿಗೆ ಮುಖವಿರುತ್ತದೆ; ಈ ಕ್ರಮವನ್ನು ಅವರು ತಿಳಿದೇ ಇಟ್ಟರು. ಅವರ ಬೇಡಿಕೆಗಳಾದರೋ ಮೂರೇ: ಕಡ್ಡಾಯದ ಶಾಲೆಯಲ್ಲಿ ನಪಾಸು ಮಾಡಕೂಡದು, ಮಂದನೆಂದು ತೋರುವವನಿಗೆ ಇಡೀ ದಿನದ ಶಾಲೆ ಕೊಡಬೇಕು, ಮನಸ್ಸಿಲ್ಲದವನಿಗೆ ಒಂದು ಗುರಿ ಕೊಡಬೇಕು.

ಗ್ರಂಥದ ದೋಷಗಳನ್ನು ಮುಚ್ಚಿಡುವುದು ಅದಕ್ಕೆ ಅಪಚಾರ. ಮೊದಲನೆಯದಾಗಿ, ಯಾರ ಕೈಯೆಂಬ ಪ್ರಶ್ನೆ. ಮಿಲಾನಿಯವರು ತಾವು ಮೇಲ್ವಿಚಾರಣೆ ಮಾತ್ರ ಮಾಡಿದರೆಂದರು. ಹುಡುಗರು ಹಾಗೆಯೇ ಹೇಳಿದರು. ಆದರೂ ವ್ಯಂಗ್ಯದ ಮೊನೆ, ವಾದದ ಓಟ, ಪೂರ್ವಪಕ್ಷವನ್ನು ಕೆಡವುವ ಚಾತುರ್ಯ ಇವು ಸಾಯುವ ಹಾಸಿಗೆಯಲ್ಲಿದ್ದ ಗುರುವಿನವೆಂದು ವಾಚಕನಿಗೆ ಎಷ್ಟೋ ಕಡೆ ತೋರುತ್ತದೆ. ಎಂಟು ಮಂದಿಯ ನಡುವೆ ಒಬ್ಬನಾದರೂ ಬೇರೆ ದನಿಯಲ್ಲಿ ಮಾತನಾಡಿದ್ದರೆ ಈ ಸಂಶಯ ಹುಟ್ಟುತ್ತಿರಲಿಲ್ಲ. ಎರಡನೆಯದು, ಅತಿರೇಕದ ಪ್ರಸಂಗಗಳಲ್ಲಿ ತಮ್ಮ ಶಾಲೆಯಲ್ಲಿ ಚಾವಟಿಯನ್ನೂ ಉಪಯೋಗಿಸುವುದುಂಟೆಂದು ಓಲೆಯೇ ಹೇಳುತ್ತದೆ. ಹೇಳುವಾಗ ಅದಕ್ಕೆ ನಾಚಿಕೆಯಿಲ್ಲ. ನಪಾಸಿನ ಅಂಕಿಯು ಮಗುವಿನ ಮೈಮೇಲೆ ಎಳೆಯುವ ಬರೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡವರು ಚರ್ಮದ ಬರೆಯನ್ನು ಹೇಗೆ ಕಾಣದೆಹೋದರು? ಹೆಣ್ಣುಮಕ್ಕಳ ವಿಷಯದಲ್ಲಿ ಓಲೆಗೆ ಕಣ್ಣಿದೆ: ಪೇಟೆಯ ಹುಡುಗಿಯರು ಬೆಟ್ಟಕ್ಕೆ ಓದಲು ಬರಲಿಲ್ಲ, ಹೆಣ್ಣಿಗೆ ಕೋಳಿಯ ಮಿದುಳು ಸಾಕೆಂದು ತಂದೆತಾಯಿಗಳು ಬಗೆದಿದ್ದಾರೆ ಎಂದು ಕಟುವಾಗಿ ಹೇಳುತ್ತದೆ. ಹೀಗೆ ಹೇಳಿದ ಗ್ರಂಥವು ತನ್ನ ಕೋಪವನ್ನೆಲ್ಲ ಸುರಿಯಲು ಆರಿಸಿಕೊಂಡದ್ದೂ ಒಬ್ಬ ಹೆಣ್ಣನ್ನೇ.

ಎಲ್ಲಕ್ಕಿಂತ ದೊಡ್ಡ ದೋಷ ಇಲ್ಲಿದೆ. ಜಾನ್ನಿಯ ಹಕಾರದ ಹಿಂದೆ ಅವನ ತಾಯಿತಂದೆಯರನ್ನೂ ಬೆಟ್ಟವನ್ನೂ ತಲೆಮಾರುಗಳ ಮೌನವನ್ನೂ ಕಾಣಬೇಕೆಂದು ಈ ಗ್ರಂಥವು ಕಲಿಸುತ್ತದೆ. ಆದರೆ ಉಪಾಧ್ಯಾಯಿನಿಯ ಹಿಂದೆ ಏನಿತ್ತೆಂಬುದನ್ನು ಒಮ್ಮೆಯೂ ಕೇಳುವುದಿಲ್ಲ. ಆಕೆಯ ತರಗತಿಯಲ್ಲಿ ಎಷ್ಟು ಮಂದಿ, ಆಕೆಗೆ ಎಷ್ಟು ಸಂಬಳ, ಆಕೆಯ ಮನೆಯಲ್ಲಿ ಯಾರಿಗೆ ಕಾಹಿಲೆ? ಆಕೆಯ ಅರ್ಧದಿನದ ದುಡಿಮೆ, ದೀರ್ಘವಾದ ರಜೆ, ಸ್ವಂತ ಮಕ್ಕಳ ಮೇಲಿನ ಮಮತೆ ಇವೆಲ್ಲ ಆಪಾದನೆಗಳಾಗಿ ಬರುತ್ತವೆ, ಜೀವನವಾಗಿ ಬರುವುದಿಲ್ಲ. ಹೆಂಡತಿ ಮಕ್ಕಳಿಲ್ಲದ ಗುರು ಹಗಲೆಲ್ಲ ಕೊಟ್ಟದ್ದನ್ನು ಸಂಸಾರವುಳ್ಳ ಹೆಂಗಸು ಕೊಡಲಿಲ್ಲವೆಂದು ಎಣಿಸುವುದು ಸಮನಾದ ತಕ್ಕಡಿಯಲ್ಲ. ಯಾವ ಪರೀಕ್ಷೆಯ ಕ್ರಮವನ್ನು ಓಲೆಯು ಖಂಡಿಸಿತೋ ಆ ಕ್ರಮದಲ್ಲಿಯೇ ಆಕೆಯನ್ನು ಪರೀಕ್ಷಿಸಿ ನಪಾಸು ಮಾಡಿದೆ.

ಆದರೂ ಈ ದೋಷವನ್ನು ಅಳೆಯಲು ಅಳತೆಗೋಲನ್ನು ಕೊಟ್ಟದ್ದು ಅದೇ ಗ್ರಂಥ. ಇಲ್ಲಿಗೆ ಮೊದಲ ಪ್ರಶ್ನೆ ಮರಳಿ ಬರುತ್ತದೆ. ದೇವರ ಮಾತು ವಿರಳವೇಕೆ? ಕಲಿಯುವುದಕ್ಕೆ ಗುರಿಯೇನೆಂದು ಚರ್ಚಿಸುವ ಭಾಗದಲ್ಲಿ ಹುಡುಗನೊಬ್ಬನು ಸರಿಯಾದ ಗುರಿ ನೆರೆಯವನಿಗೆ ತನ್ನನ್ನು ಕೊಟ್ಟುಕೊಳ್ಳುವುದೆನ್ನುತ್ತಾನೆ. ಈ ಶತಮಾನದಲ್ಲಿ ಆ ಪ್ರೀತಿಗೆ ಶಾಲೆ, ಕಾರ್ಮಿಕರ ಸಂಘ, ರಾಜಕಾರಣಗಳಲ್ಲದೆ ಬೇರೆ ದಾರಿಯಿಲ್ಲವೆನ್ನುತ್ತಾನೆ. ಇದನ್ನು ತನ್ನ ಮೇಲೆ ಹೇರಿದವರು ಇಗರ್ಜಿಯ ಗುರುವೆಂದೂ ಅದಕ್ಕಾಗಿ ದೇವರಿಗೆ ಕೃತಜ್ಞನೆಂದೂ ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ. ಅಷ್ಟೇ. ಶಿಲುಬೆಯನ್ನು ಗೋಡೆಯಿಂದ ಇಳಿಸಿದಂತೆ ಇಲ್ಲಿ ಅದನ್ನು ಪುಟದಿಂದಲೂ ಇಳಿಸಿದೆ. ಆದರೆ ಎಲ್ಲರಿಗಿಂತ ಹಿಂದಿನವನಿಗೆ ತಿಳಿಯದ ಪದವನ್ನು ಹೊಡೆದುಹಾಕಬೇಕೆಂಬ ನಿಯಮ ಎಲ್ಲಿಂದ ಬಂತು? ವ್ಯಾಕರಣದಿಂದ ಬರಲಿಲ್ಲ. ಕಡೆಯವನಿಗಾಗಿ ಎಲ್ಲರೂ ನಿಲ್ಲುವ ಮೇಜಿನಿಂದ ಬಂತು. ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಸಿಕೊಂಡ ಒಂದು ಕುರಿಯನ್ನು ಅರಸಿಹೋದ ಕುರುಬನ ಕಥೆಯನ್ನು ಬಲ್ಲವರಿಗೆ ಆ ಮೇಜಿನ ಮೂಲ ಹೊಸದಾಗಿ ತಿಳಿಯಬೇಕಾದುದಿಲ್ಲ. ಈ ಗ್ರಂಥದಲ್ಲಿ ಶ್ರದ್ಧೆಯು ವಿಷಯವಾಗಿಲ್ಲ, ಶೈಲಿಯಾಗಿದೆ. ಒಂದು ವಾಕ್ಯವು ಎಷ್ಟು ಚಿಕ್ಕದಾಗಿರಬೇಕೆಂಬುದನ್ನು ಅದು ನಿರ್ಣಯಿಸಿದೆ. ಉಪಾಧ್ಯಾಯಿನಿಯ ವಿಷಯದಲ್ಲಿ ಆ ಶ್ರದ್ಧೆ ಸೋತಿತು; ಅಲ್ಲಿ ಶೈಲಿಯೂ ಸೋತಿದೆ. ಆಕೆಯನ್ನು ಹೀಯಾಳಿಸುವ ಪುಟಗಳಲ್ಲಿ ಮಾತು ಹೆಚ್ಚು, ಹೇಳಿದ್ದನ್ನೇ ಹೇಳುವುದು ಹೆಚ್ಚು. ಮೇಜಿನ ಮೇಲೆ ಉಳಿಯಬಾರದಿದ್ದ ಚೀಟಿಗಳು ಅಲ್ಲಿ ಉಳಿದುಕೊಂಡಿವೆ.

ಓಲೆಯು ಪ್ರಕಟವಾದ ಮರುತಿಂಗಳು, 1967ನೆಯ ಜೂನ್ 26ರಂದು, ಬಹುಕಾಲದ ರಕ್ತರೋಗದಿಂದ ಮಿಲಾನಿಯವರು ಫ್ಲಾರೆನ್ಸಿನಲ್ಲಿ ತಾಯಿಯ ಮನೆಯಲ್ಲಿ ತೀರಿಕೊಂಡರು. ಅವರಿಗೆ ನಾಲ್ವತ್ತನಾಲ್ಕು ವಯಸ್ಸು. ಹದಿಮೂರು ವರ್ಷಗಳ ಹಿಂದೆ ಕೊಂಡಿದ್ದ ಸ್ಥಳದಲ್ಲಿ ಅವರನ್ನು ಹೂಳಿದರು. ಐವತ್ತು ವರ್ಷಗಳ ಮೇಲೆ, 2017ನೆಯ ಜೂನ್ 20ರಂದು, ಪೋಪ್ ಫ್ರಾನ್ಸಿಸರು ಆ ಬೆಟ್ಟವನ್ನೇರಿ ಸಮಾಧಿಯ ಮುಂದೆ ನಿಂತು ಪ್ರಾರ್ಥಿಸಿದರು. ಸಮಯೋಚಿತವಲ್ಲದುದು ಸಮಯಕ್ಕೆ ಬಂದಿತ್ತು.

ಓಲೆಯ ಕೊನೆಯ ಪುಟ ವಿಚಿತ್ರವಾಗಿದೆ. ಅಷ್ಟು ಕಠಿನವಾಗಿ ಬರೆದ ಹುಡುಗರು ಅಲ್ಲಿ ಉತ್ತರವನ್ನು ಬೇಡುತ್ತಾರೆ. ಉಪಾಧ್ಯಾಯರಾಗಲು ಓದುತ್ತಿರುವವರು ಯಾರಾದರೂ ಒಂದು ದಿನ ತಮಗೆ ಬೇರೊಂದು ಬಗೆಯ ಪತ್ರವನ್ನು ಬರೆದಾರೆಂದು ಕಾದಿರುವುದಾಗಿ ಹೇಳಿ, ಕೆಳಗೆ ಅಂಚೆಯವನಿಗೆ ಬೇಕಾದಷ್ಟನ್ನು ಕೊಡುತ್ತಾರೆ: ಶಾಲೆಯ ಹೆಸರು, ಪೇಟೆಯ ಹೆಸರು, ಜಿಲ್ಲೆಯ ಹೆಸರು.